ಗಗನವೀರನ ಹೆಂಡತಿ

ನಮ್ಮ ಗುರುರಾಜ ಮಾವನಿಗೆ ಹೆಂಗಸರ ಮೇಲೆ ಅಪಾರ ಗೌರವ. ಎಷ್ಟೆಂದರೆ, ಆಕಾಶದಲ್ಲಿ ಒಬ್ಬ ಹೆಂಗಸು ತಾನೇ ಮುಂದೆ ನಿಂತು ಹಡಗು ನಡೆಸುವುದನ್ನು ಟಿವಿಯಲ್ಲಿ ಕಂಡದ್ದೇ ಅವನಿಗೆ ಕರುಳು ಚುರ್ರೆಂದಿತು. ಕೂತಲ್ಲೇ ಅವಳಿಗೊಂದು ಗಂಡು ಹುಡುಕಿ ಮದುವೆ ಮಾಡಿಬಿಟ್ಟ.

ಕಲಬುರಗಿಗೆ ಕೇಬಲ್ ಟಿವಿ ಹೊಸದಾಗಿ ಬಂದ ದಿನಗಳು, ತೊಂಬತ್ತರ ದಶಕದ ನಡುಭಾಗ. ಮಾವನ ಸೀರೆ ಅಂಗಡಿ ಊರಿನ ದೊಡ್ಡ ಪೇಟೆ ಸೂಪರ್ ಮಾರ್ಕೆಟ್‌ನಲ್ಲಿ, ಮನೆ ಖೂಬಾ ಪ್ಲಾಟ್‌ನಲ್ಲಿ. ಅಂಗಡಿಯ ಜಾಹೀರಾತು ತೋರಿಸುವುದಕ್ಕೆಂದೇ ಮನೆಯ ಮಾಳಿಗೆ ಕೋಣೆಯಲ್ಲಿ ಕೇಬಲ್ ಇಟ್ಟು, ಸುತ್ತಲಿನ ಮನೆಗಳಿಗೆಲ್ಲ ವೈರು ಎಳೆಸಿದ್ದ. ಬರೀ ಸೀರೆ ತೋರಿಸಿದರೆ ಜನ ಟಿವಿ ಆರಿಸುತ್ತಾರೆಂದು ನಡುವೆ ತುಂಬಲು ಹೈದರಾಬಾದಿನಿಂದ ಒಂದು ಇಂಗ್ಲಿಷ್ ಧಾರಾವಾಹಿಯ ಕ್ಯಾಸೆಟ್ ತರಿಸುತ್ತಿದ್ದ. ಆದರೆ ಇಂಗ್ಲಿಷ್ ಯಾರಿಗೆ ತಿಳಿಯಬೇಕು? ಅದಕ್ಕೆ ನಾವು ಟಿವಿಯ ದನಿ ತಗ್ಗಿಸಿ, ಮೈಕಿನ ಮುಂದೆ ಕೂತು, ಚಿತ್ರ ಓಡುತ್ತಿದ್ದಂತೆ ಕನ್ನಡದಲ್ಲಿ ಮಾತಾಡುತ್ತಿದ್ದೆವು. ಡಬ್ಬಿಂಗ್ ಎಂದರೆ ಬೆಂಗಳೂರಿನವರು ಬಡಿಯಲು ಬರುತ್ತಿದ್ದ ಕಾಲ. ಯಾರಾದರೂ ಕೇಳಿದರೆ ಮಾವ ಹೇಳುತ್ತಿದ್ದ, "ಇದು ಡಬ್ಬಿಂಗ್ ಅಲ್ರೀ, ಹರಿಕಥಿ."

ನಾನು ಬಂಡು, ಅವನ ತಂಗಿಯ ಮಗ. ಡಿಗ್ರಿಯಲ್ಲಿ ಫೇಲು, ಟಾಕೀಸಿನಲ್ಲಿ ಫಸ್ಟ್ ಕ್ಲಾಸು. ಗಂಡಸರು, ಯಂತ್ರಗಳು, ರಾಕ್ಷಸರು, ಬಾಂಬು, ಎಲ್ಲಕ್ಕೂ ನನ್ನದೇ ದನಿ.

ಮೊದಲ ಕ್ಯಾಸೆಟ್ ಹಾಕಿದ ದಿನ ಮಾವ ಕೇಳಿದ, "ಇಕಿ ಯಾರೋ?"

"ಹಡಗದ ಕ್ಯಾಪ್ಟನ್ ಮಾವಾ."

"ಮತ್ತ ಆ ಮೀಸಿಯಂವಾ?"

"ಅಂವಾ ಇಕಿ ಕೈಕೆಳಗಿನಂವಾ. ಇಕಿ ಹೇಳಿದ್ದು ಮಾಡ್ತಾನ."

ಮಾವ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. "ನಮ್ಮ ಗಿರಾಕಿ ಯಾರು? ಮನಿ ಹೆಣ್ಮಕ್ಕಳು. ಗಂಡಸು ಹಿಂಗ ಕೈ ಕಟ್ಟಿ ನಿಂತದ್ದು ಅವರ ಗಂಡಂದಿರು ನೋಡಿದ್ರ ವೈರ್ ಕಿತ್ತಿ ಒಗೀತಾರ. ಮೀಸಿಯಂವನ ಕ್ಯಾಪ್ಟನ್. ಹೆಸರು ಪ್ರತಾಪ. ಇಕಿ ಅವನ ಹೆಂಡತಿ ಗೌರಿ. ಗಂಡನ್ನ ಬಿಟ್ಟಿರಲಾರದ ರಾಕೆಟ್ ಹತ್ಯಾಳ."

"ಹಣಿಗಿ ಕುಂಕುಮ ಇಲ್ಲಲ ಮಾವಾ."

"ಮ್ಯಾಲ ಆಕಾಶದಾಗ ಗಾಳಿ ಇರಂಗಿಲ್ಲ, ಹಾರಿ ಹೋಗ್ಯದ ಅನ್ನು."

ಮಾವನ ವಿಜ್ಞಾನ ಇಷ್ಟು. ಧಾರಾವಾಹಿಗೆ 'ಗಗನವೀರ ಪ್ರತಾಪ' ಎಂದು ಹೆಸರಿಟ್ಟು, ಮಾತುಗಳನ್ನೂ ತಾನೇ ಬರೆಯತೊಡಗಿದ. ಮೂಲ ಧಾರಾವಾಹಿ ಮಾಡಿದ ಫಾರಿನ್ನಿನವರೇನೂ ಕಡಿಮೆಯಲ್ಲ. ಹೆಣ್ಣು ಗಟ್ಟಿಗಿತ್ತಿ ಎಂದು ತೋರಿಸಲು ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ: ಕೈಗೆ ಗನ್ನು, ಮೈಗೆ ಉಸಿರು ಬಿಟ್ಟರೆ ಹೊಲಿಗೆ ಬಿಚ್ಚುವಂಥ ಬೆಳ್ಳಿ ಬಣ್ಣದ ಬಟ್ಟೆ. ಯಾವ ಗ್ರಹದಲ್ಲಿ ಇಳಿದರೂ ಗಂಡಸರ ಬಟ್ಟೆ ಇಸ್ತ್ರಿ ಸಮೇತ ಇರುತ್ತಿತ್ತು. ಅವಳ ಬಟ್ಟೆಯ ತೋಳು ಮಾತ್ರ ಹರಿಯುತ್ತಿತ್ತು. ಅವರು ಅವಳ ಬಟ್ಟೆ ಕಡಿಮೆ ಮಾಡಿದರು, ನಮ್ಮ ಮಾವ ಅವಳ ಬಾಯಿಗೆ ಸೆರಗು ಹೊದಿಸಿದ. ಎರಡೂ ಒಂದೇ ಅಂಗಡಿಯ ಮಾಲು.

ಆ ಬಾಯಿಗೆ ದನಿ ಕೊಡಲು ಬಂದವಳು ಸಾಬಮ್ಮ. ಕಮಲಾಪುರದವಳು, ಮೂವತ್ತರ ಆಸುಪಾಸು. ಆಟೋದಲ್ಲಿ ಮೈಕು ಹಿಡಿದು ಮಾವನ ಅಂಗಡಿಯ ಪ್ರಚಾರ ಮಾಡುತ್ತಿದ್ದಳು. ಸೂಪರ್ ಮಾರ್ಕೆಟ್‌ನ ಅಷ್ಟೂ ಆಟೋಗಳ ಹಾರ್ನ್ ಸೀಳಿಕೊಂಡು ಬರುವ ದನಿ ಅವಳದು. ಮೊದಲ ದಿನ ಟಿವಿಯಲ್ಲಿ ಕ್ಯಾಪ್ಟನ್ ಮೇಜು ಗುದ್ದಿ, ಬೊಟ್ಟು ಮಾಡಿ ಏನೋ ಹೇಳಿದಳು. ನಾಲ್ಕು ಗಂಡಸರು ಎದ್ದು ಓಡಿದರು. ಸಾಬಮ್ಮ ಮಾವ ಬರೆದುಕೊಟ್ಟದ್ದನ್ನು ಓದಿದಳು: "ರೀ, ನೀವು ಹ್ಯಾಂಗಂತೀರಿ ಹಂಗ. ನನಗೇನು ತಿಳೀತದ."

ಆಮೇಲೆ ಮೈಕಿಗೆ ಕೈ ಅಡ್ಡ ಹಿಡಿದು ಹೇಳಿದಳು, "ಅಣ್ಣಾರ, ಅಕಿ ಬೈಯಾಕತ್ಯಾಳ ನೋಡ್ರಿ."

"ಬೈತಿಲ್ಲವಾ, ಅದು ಕಾಳಜಿ," ಎಂದ ಮಾವ.

ಚಹಾ ಕುಡಿಯುವಾಗ ಮೆಟ್ಟಿಲ ಮೇಲೆ ಸಾಬಮ್ಮ ನನಗೆ ಹೇಳಿದಳು. "ಬಂಡೂ, ಆಟೋದಾಗ ಕುಂತು ದಿನಾ 'ಬರ್ರಿ ಬರ್ರಿ' ಅಂತ ಒದರ್ತೀನಿ. ಒಬ್ಬರೂ ತಿರುಗಿ ನೋಡಂಗಿಲ್ಲ. ಮನ್ಯಾಗ 'ಬ್ಯಾಡ್ರಿ' ಅಂದದ್ದನ್ನ ಮೊದಲ ಮಾಡ್ತಾರ. ಅಕಿ ನೋಡು, ಬೊಟ್ಟು ತೋರ್ಸಿದ್ರ ಬಾಗಲಾ ತೆಗೀತದ. ಆ ಬೊಟ್ಟಿಗಿ ತಕ್ಕ ಮಾತು ಒಂದ್ ಸಲ ನನ್ನ ಬಾಯಾಗ ಬರಬೇಕು. ಮಾಲಕರಿಗಿ ಹೇಳಿ ನೋಡಲ."

"ನಾ ಹೇಳಿದ್ರ ಕೇಳ್ತಾನೇನು? ಈ ಬಂಡೂನ ನಾಲಿಗಿ ಕತ್ತಿ ಇದ್ದಂಗ ಸಾಬಮ್ಮಾ, ಮಾವನ ಕಿವಿ ಗ್ವಾಡಿ ಇದ್ದಂಗ."

"ನಿಂದೊಂದು ಯಾವಾಗಲೂ ಸಿನಿಮಾ," ಎಂದು ಅವಳು ಕಪ್ಪು ತೊಳೆಯಲು ಎದ್ದಳು.

ಹೀಗೆ ವಾರಕ್ಕೊಂದು ಕಂತು ನಡೆಯಿತು. ಖೂಬಾ ಪ್ಲಾಟ್‌ನ ಗಂಡಸರಿಗೆ ಬಹಳ ಹಿಡಿಸಿತು. "ಎಷ್ಟರೇ ಆಗಲಿ ಸಂಸ್ಕಾರ ಬಿಟ್ಟಿಲ್ಲ ನೋಡ್ರಿ ಅಕಿ," ಎಂದು ಒಬ್ಬ ನಿವೃತ್ತ ಹೆಡ್ ಮಾಸ್ತರು ಮಾವನ ಕೈ ಕುಲುಕಿದರು. ಅವರ ಹೆಂಡತಿ ಹಿಂದೆ ನಿಂತಿದ್ದರು. ಹಡಗು ಯಾರು ನಡೆಸುತ್ತಾರೆಂದು ಅವರಿಗೆ ಕಣ್ಣಿಗೆ ಕಂಡಿತ್ತು. ಕೇಳಿದವರು ಯಾರೂ ಇರಲಿಲ್ಲ.

ಮದುವೆ ಸೀಸನ್ ಬಂತು. ಕಮಲಾಪುರದ ಸಂತೆಯ ದಿನ ಅಲ್ಲೊಂದು ಸೀರೆ ಸ್ಟಾಲ್ ಹಾಕಿ, ಪಕ್ಕದಲ್ಲೇ 'ಗಗನವೀರ'ನನ್ನು ತೋರಿಸಿ ಜನ ಸೇರಿಸುವುದು ಮಾವನ ಯೋಜನೆ. ಹಗಲಲ್ಲಿ ಟಿವಿ ಕಾಣಬೇಕೆಂದರೆ ಕತ್ತಲೆ ಬೇಕು. ಬಾಳೆಹಣ್ಣಿನ ವ್ಯಾಪಾರಿ ಖಮರುದ್ದೀನ್ ತನ್ನ ಗೋದಾಮು ಬಿಟ್ಟುಕೊಟ್ಟ. ಕೆಂಪು ಬಾಳೆಯ ಗೊನೆಗಳನ್ನು ಗೋಣಿ ಹೊದಿಸಿ ಹಣ್ಣಿಗಿಟ್ಟ ಜಾಗ. ಕಿಟಕಿ ಇಲ್ಲ, ಹೊಗೆಯ ಮತ್ತು ಹಣ್ಣಿನ ವಾಸನೆ. ಗೊನೆಗಳನ್ನು ಒಂದು ಪಕ್ಕಕ್ಕೆ ಸರಿಸಿ, ಬುಟ್ಟಿಗಳ ಮೇಲೆ ಟಿವಿ ಇಟ್ಟು, ಪಕ್ಕದಲ್ಲಿ ಪರದೆ ಕಟ್ಟಿ ನಮ್ಮ ಮೈಕು ಜೋಡಿಸಿದೆವು.

ಮಾವ ಯಾವ ಕ್ಯಾಸೆಟ್ಟನ್ನೂ ಪೂರ್ತಿ ಮುಂಚಿತವಾಗಿ ನೋಡುತ್ತಿರಲಿಲ್ಲ. ಮೊದಲ ಐದು ನಿಮಿಷ ನೋಡಿ, ಉಳಿದದ್ದಕ್ಕೆ 'ರೀ' ಸೇರಿಸಿದರೆ ನಡೆಯುತ್ತದೆ ಎಂಬ ಲೆಕ್ಕ. ನಾನು ಮಾತ್ರ ನೋಡುತ್ತಿದ್ದೆ. ಈ ಕಂತಿನಲ್ಲಿ ಮೀಸೆಯವನು ದ್ರೋಹಿ. ಹಲ್ಲಿಮುಖದ ಶತ್ರುಗಳಿಗೆ ಹಡಗು ಮಾರಿಬಿಡುತ್ತಾನೆ. ಕ್ಯಾಪ್ಟನ್ ಅವನನ್ನು ಗಾಜಿನ ಕೋಣೆಗೆ ತಳ್ಳಿ, ಬಾಗಿಲು ತೆಗೆದು ಆಕಾಶಕ್ಕೆ ಬಿಸಾಡುತ್ತಾಳೆ. ಇದನ್ನು ನಾನು ಮಾವನಿಗೂ ಹೇಳಲಿಲ್ಲ, ಸಾಬಮ್ಮನಿಗೂ ಹೇಳಲಿಲ್ಲ. ಮೊದಲೇ ಹೇಳಿದರೆ ಇಂಟರ್ವಲ್‌ಗೆ ಏನು ಬೆಲೆ?

ಗೋದಾಮು ತುಂಬಿತು. ಸಂತೆಗೆ ಬಂದ ಹೆಂಗಸರು ಬುಟ್ಟಿ ಮಗ್ಗುಲಲ್ಲಿಟ್ಟುಕೊಂಡು ನೆಲದ ಮೇಲೆ, ಗಂಡಸರು ಗೋಡೆಗೆ ಒರಗಿ. ಮುಂದಿನ ಕುರ್ಚಿಯಲ್ಲಿ ಮಾವ, ಹೆಗಲ ಮೇಲೆ ಶಾಲು. ಅರ್ಧ ಕಂತು ಸುಸೂತ್ರವಾಗಿ ನಡೆಯಿತು. ಆಮೇಲೆ ಮೀಸೆಯವನು ಕತ್ತಲಲ್ಲಿ ಹಲ್ಲಿಮುಖದವನ ಹತ್ತಿರ ಹೋಗಿ ಒಂದು ಚೀಲ ಇಸಿದುಕೊಂಡ. ಮಾವ ಬಗ್ಗಿ ಪರದೆಯ ಹಿಂದೆ ಬಂದ.

"ಹಲ್ಲಿ ಕೂಡ ಏನ್ ಮಾತಾಡ್ಲಿಕತ್ತಾನೋ ಅಂವಾ?"

"ಸೀರಿ ರೇಟ್ ಕೇಳ್ಲಿಕತ್ತಾನ ಮಾವಾ."

ಅಷ್ಟರಲ್ಲಿ ಮುಂದೆ ಕೂತಿದ್ದ ಇಮಾಮಬಿ ಎಂಬ ಮುದುಕಿ, ಸಂತೆಯಲ್ಲಿ ಬಳೆ ಮಾರುವವಳು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಚೀಲ ಇಸ್ಕೊಂಡ ನೋಡ್ರೇ. ಮನಿ ಮುರದ ಇಂವಾ."

ಮುಂದಿನ ದೃಶ್ಯದಲ್ಲಿ ಕ್ಯಾಪ್ಟನ್ ಅವನ ಕಾಲರ್ ಹಿಡಿದು ಎಳೆದುತಂದು ಗಾಜಿನ ಕೋಣೆಗೆ ನೂಕಿದಳು. ಅವಳ ಕೈ ಒಂದು ದೊಡ್ಡ ಹಿಡಿಕೆಯ ಮೇಲೆ. ಮಾವ ಸಾಬಮ್ಮನ ಕಿವಿಯಲ್ಲಿ ಹೇಳಿದ, "'ರೀ, ಹುಷಾರ್ರೀ, ಬಿದ್ದೀರಿ' ಅನ್ನು."

ಅವಳು ಅಂದಳು.

ಇಡೀ ಗೋದಾಮು ನಕ್ಕಿತು. ಗೋಡೆಗೆ ಒರಗಿದ ಗಂಡಸರು ಸಿಳ್ಳೆ ಹಾಕಿದರು. "ಏ ಗೌರೀ, ಗಂಡಗ ಚಹಾ ಕೊಡ," ಎಂದು ಒಬ್ಬ ಕೂಗಿದ. ಟಿವಿಯಲ್ಲಿ ಆ ಹೆಂಗಸು ಹಲ್ಲು ಕಚ್ಚಿ ನಿಂತಿದ್ದಳು. ಜನ ಅವಳನ್ನು ನೋಡಿ ನಗುತ್ತಿದ್ದರು. ಸಾಬಮ್ಮನ ಮುಖ ನೋಡಿದೆ. ನನ್ನ ಮಜಾ ಅಲ್ಲಿಗೆ ಅರ್ಧ ಇಳಿಯಿತು.

"ಈಗ ಅಳು. ಜೋರಾಗಿ ಅಳು," ಎಂದ ಮಾವ.

ಸಾಬಮ್ಮ ಮೈಕನ್ನು ತನ್ನ ಕಡೆ ಎಳೆದುಕೊಂಡು ಅವನಿಗೆ ಬೆನ್ನು ಮಾಡಿ ಕೂತಳು.

"ಪ್ರತಾಪ," ಎಂದಳು. ರೀ ಇಲ್ಲ, ಗೀ ಇಲ್ಲ. "ಚೀಲದಾಗ ಏನದ?"

ನಗು ನಿಂತಿತು. ಈಗ ನನ್ನ ಸರದಿ. ಗಾಜಿಗೆ ಮುಖ ಒತ್ತಿದ ಮೀಸೆಯವನಿಗೆ ನನ್ನ ಹತ್ತಿರ ಇದ್ದದ್ದನ್ನೆಲ್ಲ ಕೊಟ್ಟೆ. "ಗೌರೀ, ಈ ಪ್ರತಾಪನ ರಕ್ತ ಬಿಸಿ ಅದ. ಇದು ಆಕಾಶದಾಗ ಬಿತ್ತಂದ್ರ ಆಕಾಶನ ಸುಟ್ಟು ಹೋಗ್ತದ. ಏಳು ಹೆಜ್ಜಿ ನಡದೀವಿ ನಾವು, ಎಂಟನೇ ಹೆಜ್ಜಿ ನನ್ನ ಎದಿ ಮ್ಯಾಲ ಇಡಬ್ಯಾಡ."

"ಸಿನಿಮಾ ಸಾಕು. ಹಡಗ ಯಾರಿಗಿ ಮಾರಿದಿ?"

"ನಾ ನಿನ್ನ ಗಂಡ, ಗೌರೀ."

"ನೀ ನನ್ನ ಗಂಡಲ್ಲ. ಎಂದೂ ಇದ್ದಿಲ್ಲ. ಯಾವನೋ ಬರದು ಕೊಟ್ಟಿದ್ದ, ನಾ ಓದಿದ್ದೆ."

ಹಿಡಿಕೆ ಕೆಳಗಿಳಿಯಿತು, ಬಾಗಿಲು ತೆರೆಯಿತು, ಮೀಸೆ ಆಕಾಶ ಸೇರಿತು. ಯಾರೋ ಅವನ ಹಿಂದೆ ಬಾಳೆಹಣ್ಣಿನ ಸಿಪ್ಪೆ ಎಸೆದರು, ಅದು ಟಿವಿ ಮೇಲೆ ಅಂಟಿತು. ಕ್ಯಾಪ್ಟನ್ ಹಡಗಿನವರ ಕಡೆ ತಿರುಗಿದಳು. ಸಾಬಮ್ಮ ಶಾಂತವಾಗಿ ಕೇಳಿದಳು, "ಮತ್ತ್ಯಾರರೆ ಅದಾರೇನು?"

ಗೋಡೆಗೆ ಒರಗಿದ್ದ ಗಂಡಸರು ನೆಟ್ಟಗೆ ನಿಂತರು.

ವಾಪಸು ಬರುವಾಗ ಜೀಪಿನಲ್ಲಿ ಮಾವ ಹೇಳಿದ, "ಸಾಬಮ್ಮಾ, ನಾಳಿಂದ ಮೈಕಿಗೂ ಬರಬ್ಯಾಡ, ಆಟೋಕ್ಕೂ ಬರಬ್ಯಾಡ."

"ಅಕಿ ತಪ್ಪೇನದ ಮಾವಾ? ಚಿತ್ರದಾಗ ಇದ್ದದ್ದು ಅಂದಾಳ."

"ನೀ ಬಾಯಿ ಮುಚ್ಚು. ನನ್ನ ಹರಿಕಥ್ಯಾಗ ಹರಿನ್ನ ಕೊಂದಾಳ ಅಕಿ."

ಸಾಬಮ್ಮ ಹೊರಗೆ ನೋಡುತ್ತ ಕೂತಳು. ಬೇಡಿಕೊಳ್ಳಲಿಲ್ಲ. ಮಾವ ಕಾಯುತ್ತಿದ್ದದ್ದು ಅದಕ್ಕೇ; ಅದು ಬಾರದ್ದರಿಂದ ಇನ್ನಷ್ಟು ಉರಿದ.

ಆದರೆ ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಕೂತು ಸ್ಟಾಲಿನ ಲೆಕ್ಕ ನೋಡಿದಾಗ ಮಾವನಿಗೆ ಜ್ಞಾನೋದಯವಾಯಿತು. ಕಮಲಾಪುರದ ಸ್ಟಾಲ್‌ನಲ್ಲಿ ಆ ಕಂತು ನೋಡಿದ ಬಳಿಕ ಹೆಂಗಸರು ಮುಗಿಬಿದ್ದು ಸೀರೆ ಕೊಂಡಿದ್ದರು. "ಮೀಸಿಯಂವನ್ನ ಒಗದಾಳಲ, ಅಕಿ ಸೀರಿ ಅಂಗಡಿ ಇದೇ ಏನ್ರಿ?" ಎಂದು ಕೇಳಿ ಕೇಳಿ ಬಂದಿದ್ದರು. ಮಧ್ಯಾಹ್ನದೊಳಗೆ ಖೂಬಾ ಪ್ಲಾಟ್‌ನಲ್ಲಿ ಮಾವ ಹೇಳಿಕೊಂಡು ತಿರುಗುತ್ತಿದ್ದ: "ಅಬಲಾ ಅಬಲಾ ಅಂತ ಎಷ್ಟು ದಿನಾರೀ? ಸ್ತ್ರೀಶಕ್ತಿ ತೋರಸಬೇಕಂತ ಮೊದಲಿಂದನೂ ನನ್ನ ಮನಸಿನ್ಯಾಗ ಇತ್ತು." ಧಾರಾವಾಹಿಯ ಹೆಸರು 'ಗಗನವೀರಾಂಗನೆ' ಆಯಿತು. ಹೆಡ್ ಮಾಸ್ತರು ಮತ್ತೆ ಬಂದು ಕೈ ಕುಲುಕಿದರು.

"ಹಂಗಾದ್ರ ಸಾಬಮ್ಮನ್ನ ಕರಕೊಂಡು ಬರ್ತೀನಿ," ಎಂದೆ.

"ಅಕಿ ಯಾಕೋ? ಇಂಥಾ ದೊಡ್ಡ ಪಾತ್ರ ಆಟೋದಾಕಿ ಬಾಯಾಗ ಶೋಭಸ್ತದೇನು? ನಿಮ್ಮ ಅತ್ತಿ ಮಾಡ್ತಾಳ."

ಅತ್ತೆ ಜಾನಕೀಬಾಯಿಗೆ ಇದು ಬೇಕಿರಲಿಲ್ಲ. "ನಾ ಎಲ್ಲೆ, ಗಗನ ಎಲ್ಲೆ? ಒಲಿ ಮ್ಯಾಲ ಹಾಲಿಟ್ಟು ಬಂದೀನಿ," ಎಂದಳು. ಮಾವ ಅವಳನ್ನು ಎಳೆದು ಕೂಡಿಸಿದ. ಹೀಗೆ ಹೆಂಡತಿಯ ಮಾತು ಕೇಳದೆಯೇ ಅವಳನ್ನು ಶಕ್ತಿವಂತೆ ಮಾಡಲಾಯಿತು. ಮೊದಲ ಯುದ್ಧದಲ್ಲಿ ಕ್ಯಾಪ್ಟನ್ ಗನ್ ಎತ್ತಿದಾಗ ಅತ್ತೆ, ಗೌರಿಹಬ್ಬದ ಆರತಿಯ ರಾಗದಲ್ಲಿ, "ದಯಮಾಡಿ ಗುಂಡು ಹಾರಸ್ರಿ," ಎಂದಳು. ಎರಡನೇ ಯುದ್ಧದಲ್ಲಿ ಹಾಲು ಉಕ್ಕಿದ ವಾಸನೆ ಬಂದು ಎದ್ದು ಓಡಿದಳು. ಗಗನವೀರಾಂಗನೆ ಮೂಕಿಯಾಗಿ ಬಾಯಿ ಆಡಿಸುತ್ತ ಒಂದು ಗ್ರಹ ಕಳೆದುಕೊಂಡಳು. ಆ ತೆರವು ತುಂಬಲು ನಾನು ಬಾಂಬಿನ ಸದ್ದು ಮಾಡಿ ಮಾಡಿ ಗಂಟಲು ಹರಿದುಕೊಂಡೆ.

ಒಂದು ದಿನ ಖಮರುದ್ದೀನ್ ಕಲಬುರಗಿಗೆ ಗಾಡಿಯಲ್ಲಿ ಬಾಳೆ ತಂದವನು ನನ್ನನ್ನು ಹಿಡಿದ.

"ಬಂಡೂ ಭಾಯ್, ನಮ್ಮ ಸಂತಿ ಹೆಣ್ಮಕ್ಕಳು ಜೀವಾ ತಿನ್ನಾಕತ್ಯಾರ. ಮುಂದ ಏನಾಯ್ತು ಅಂತಾರ. ಸಾಬಮ್ಮ ಊರಿಗಿ ಹೊಳ್ಳಿ ಬಂದಾಳ, ಟಿವಿ, ವಿಸಿಆರ್, ಮೈಕು ನಂದು ಅದ, ಗೋದಾಮು ಅದ. ಕ್ಯಾಸೆಟ್ ಒಂದ ಇಲ್ಲ. ಕ್ಯಾಸೆಟ್ ಕಾ ಕ್ಯಾ ಕರ್ನಾ ಜೀ?"

ಕ್ಯಾಸೆಟ್ ತರುವ ಹೈದರಾಬಾದ್ ಬಸ್ಸು ಹುಮನಾಬಾದ್ ದಾಟಿ ಕಮಲಾಪುರದ ಮೇಲೆಯೇ ಕಲಬುರಗಿಗೆ ಬರುವುದು. ನಾನು ಕಂಡಕ್ಟರನ್ನು ಕಮಲಾಪುರದಲ್ಲೇ ಹಿಡಿಯತೊಡಗಿದೆ. ಸಂತೆಯ ಮಧ್ಯಾಹ್ನ ಗೋದಾಮಿನಲ್ಲಿ ಆಟ. ಆಮೇಲೆ ಕ್ಯಾಸೆಟ್ ಹಿಡಿದು ಸಂಜೆಯ ಬಸ್ಸಿಗೆ ಕಲಬುರಗಿ. ಮಾವ ಕೇಳಿದರೆ, "ಬಸ್ ಪಂಚರ್ ಮಾವಾ." ಆ ಬಸ್ಸಿನಷ್ಟು ಪಂಚರ್ ಆದ ಬಸ್ಸು ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಗೋದಾಮಿನಲ್ಲಿ ಕ್ಯಾಪ್ಟನ್‌ಗೆ ಗಂಡನೂ ಇರಲಿಲ್ಲ, ಗೌರಿ ಎಂಬ ಹೆಸರೂ ಇರಲಿಲ್ಲ. ಎಲ್ಲರೂ 'ಸಾಹೇಬ್ರು' ಎನ್ನುತ್ತಿದ್ದರು. ಸಾಬಮ್ಮ ಕೂಗಾಡುತ್ತಿರಲಿಲ್ಲ. "ತಿರುಗ್ಸು" ಎಂದರೆ ಹಡಗು ತಿರುಗುತ್ತಿತ್ತು. ಒಂದು ಕಂತಿನಲ್ಲಿ ಹಡಗಿನ ಅರ್ಧ ಮಂದಿಯನ್ನು ಶತ್ರುಗಳು ಹಿಡಿದೊಯ್ದಾಗ, "ಅಳೋರು ಆ ಕಡಿ ಹೋಗ್ರಿ, ಹುಡಕೋರು ಈ ಕಡಿ ಬರ್ರಿ," ಎಂದಳು. ನೆಲದ ಮೇಲೆ ಕೂತಿದ್ದ ಇಬ್ಬರು ಮೂವರು ನಿಜವಾಗಿ ಈ ಕಡೆ ಸರಿದು ಕೂತರು.

ಆಮೇಲೆ ಕೊನೆಯ ಕ್ಯಾಸೆಟ್ ಬಂತು. ಆಟಕ್ಕೆ ಮುಂಚೆ ನಾನು, ಸಾಬಮ್ಮ, ಖಮರುದ್ದೀನ್ ಮೂವರೂ ಗೋದಾಮಿನ ಬಾಗಿಲು ಹಾಕಿಕೊಂಡು ನೋಡಿದೆವು.

ಫಾರಿನ್ನಿನವರು ಕೊನೆಗೂ ತಮ್ಮ ಜಾತಿ ತೋರಿಸಿದ್ದರು. ಯಾವುದೋ ಗ್ರಹದ ರಾಜ, ಎಣ್ಣೆ ಹಚ್ಚಿ ಬಾಚಿದ ತಲೆ. ಅವನನ್ನು ಕಂಡದ್ದೇ ನಮ್ಮ ಕ್ಯಾಪ್ಟನ್‌ಗೆ ಕಾಲಲ್ಲಿ ಬಲವಿಲ್ಲ. ಎದೆಯ ಮೇಲಿನ ಕ್ಯಾಪ್ಟನ್ ಬಿಲ್ಲೆ ಕಿತ್ತು, ಮೀಸೆ ಮೂಡದ ಒಬ್ಬ ಹುಡುಗನ ಕೈಗಿಟ್ಟು, ಕಣ್ಣೀರು ಸುರಿಸುತ್ತ ಹಡಗಿನಿಂದ ಇಳಿಯುತ್ತಾಳೆ. ರಾಜ ಮೊಣಕಾಲೂರಿ ಉಂಗುರ ಹಿಡಿಯುತ್ತಾನೆ. ಮುತ್ತು. ಮುಗಿಯಿತು. ಹಲ್ಲಿಗಳು ಹಿಡಿದೊಯ್ದ ಹಡಗಿನ ಮಂದಿಯ ಸುದ್ದಿಯೇ ಇಲ್ಲ. ಇಷ್ಟು ದಿನ ಹಲ್ಲಿಗಳನ್ನು ಸುಟ್ಟವಳಿಗೆ ಕೊನೆಗೆ ಬೇಕಿದ್ದದ್ದು ಒಂದು ಎಣ್ಣೆತಲೆ ಎಂದು ಹೇಳಲು ಅಷ್ಟು ರಾಕೆಟ್ಟು ಖರ್ಚು ಮಾಡಿದ್ದರು.

"ಇದ್ಯಾಕ ಹಿಂಗ ಮಾಡ್ಯಾರ?" ಎಂದಳು ಸಾಬಮ್ಮ.

"ಮುಗಸಬೇಕಲ. ಅಲ್ಲೂ ಒಬ್ಬ ಗುರುರಾಜ ಮಾವ ಇರ್ತಾನ."

ಖಮರುದ್ದೀನ್ ಸಮಾಧಾನ ಮಾಡಿದ. "ಹೋಗ್ಲಿ ಬಿಡವ್ವಾ. ಶಾದಿ ಅದ, ಹೆಣ್ಮಕ್ಕಳು ಖುಷ್ ಆಗ್ತಾರ. ಇದ್ದದ್ದು ಇದ್ದಂಗ ಹೇಳಿಬಿಡು. ಮುಂದ ಬ್ಯಾರೇ ಕ್ಯಾಸೆಟ್ ತರಸಾಮು."

"ನಾ ಇದನ್ನ ಹೇಳಿದ್ರ, ಅಲ್ಲಿ ಕುಂತ ಮಂದಿ ಮುಂದ ಇಷ್ಟು ದಿನಾ ನಾ ಅಂದದ್ದೆಲ್ಲ ಸುಳ್ಳಾಗ್ತದ," ಎಂದು ಸಾಬಮ್ಮ ಎದ್ದು ಬಾಗಿಲು ತೆಗೆದಳು. ಹೊರಗೆ ಬುಟ್ಟಿ ಹಿಡಿದು ಹೆಂಗಸರು ಕಾಯುತ್ತಿದ್ದರು.

ಆಟ ಶುರುವಾಯಿತು. ಅವಳು ಏನು ಮಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲವೇನೋ. ಬಿಲ್ಲೆ ಕೊಡುವ ದೃಶ್ಯ ಬಂತು. ಕ್ಯಾಪ್ಟನ್ ಕೆನ್ನೆ ಮೇಲೆ ನೀರು. ಗೋದಾಮಿನಲ್ಲಿ ಗುಸುಗುಸು.

"ಹುಡುಗಾ," ಎಂದಳು ಸಾಬಮ್ಮ, "ನಾ ಅಳಾಕತ್ತೀನಿ ಅಂತ ತಿಳ್ಕೋಬ್ಯಾಡ. ಹಿಂಗ ಹೋದ್ರನ ಅಂವಾ ನಂಬ್ತಾನ. ಬಿಲ್ಲೆ ಹಿಡಿ. ನಾ ಹೊಳ್ಳಿ ಬರೋತನಕ ಹಡಗ ಅಳಗ್ಯಾಡಬಾರದು."

"ಹೂಂರೀ ಸಾಹೇಬ್ರ," ಎಂದೆ ಹುಡುಗನಾಗಿ.

ಈಗ ರಾಜ ಬಂದ. ಅವನಿಗೂ ನಾನೇ. ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನು ಅಂದೆ: "ಬಾ ರಾಣೀ, ಇವತ್ತಿನಿಂದ ಈ ಅರಮನಿನ ನಿನ್ನ ಜಗತ್ತು, ಈ ತೋಳ ನಿನ್ನ ಗಡಿ."

"ಗಡಿ ಆಮ್ಯಾಲ ಅಳಿಯೂಣು. ನಮ್ಮ ಹಡಗದ ಮಂದಿನ್ನ ಹಿಡ್ಕೊಂಡು ಬಂದದ್ದು ನೀನ ಅಲ್ಲ? ಅವರು ಎಲ್ಲೆದಾರ?"

ಹಿಡಿದೊಯ್ದವರು ಹಲ್ಲಿಗಳು, ಈ ರಾಜನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೆ ಆ ಕ್ಷಣದಲ್ಲೇ ಟಿವಿಯಲ್ಲಿ ಅವನು ತಬ್ಬಿಬ್ಬಾದವನಂತೆ ಮೊಣಕಾಲೂರಿದ. "ಹಾಂ, ಹಂಗ ಕುಂದ್ರು," ಎಂದಳು ಸಾಬಮ್ಮ. ಉಂಗುರ ಹೊರಬಂತು. "ಲಂಚ ಬ್ಯಾಡ."

"ಥೂ ಇವನ," ಎಂದಳು ಇಮಾಮಬಿ.

ರಾಜ ಎದ್ದ. ಅವನ ಮುಖ ಅವಳ ಮುಖದ ಹತ್ತಿರ ಬರತೊಡಗಿತು. ಇದಕ್ಕೆ ಯಾವ ಮಾತೂ ಹೊಂದುವಂತಿರಲಿಲ್ಲ. ಸಾಬಮ್ಮ ನನ್ನ ಕಡೆ ನೋಡಿ ವೈರಿನತ್ತ ಬೊಟ್ಟು ಮಾಡಿದಳು. ನಾನು ಕಿತ್ತೆ. ಟಿವಿ ಆರಿತು. ಗೋದಾಮು ಕತ್ತಲಾಯಿತು.

"ಕರೆಂಟ್ ಹೋಯ್ತೇನು?" ಯಾರೋ ಕೇಳಿದರು. ಬಳೆಗಳು ಸದ್ದಾದವು, ಒಂದೆರಡು ಬುಟ್ಟಿ ಎತ್ತಿದ ಸದ್ದೂ ಬಂತು. ಮೈಕು ಬ್ಯಾಟರಿಯದು.

"ರಾಜಾ," ಎಂದಿತು ಸಾಬಮ್ಮನ ದನಿ ಕತ್ತಲಲ್ಲಿ, "ಕೇಳಿದ್ದು ಕಿವಿಗಿ ಬೀಳ್ಲಿಲ್ಲೇನು? ನಮ್ಮ ಮಂದಿ ಎಲ್ಲೆದಾರ?"

ಎತ್ತಿದ ಬುಟ್ಟಿಗಳು ಮತ್ತೆ ಕೆಳಗಿಳಿದವು. ಚಿತ್ರವಿಲ್ಲದ ರಾಜನಾಗಿ ನಾನೊಬ್ಬನೇ ಉಳಿದೆ. ತಲೆಯ ತುಂಬ ಇದ್ದ ಸಾವಿರ ಡೈಲಾಗಿನಲ್ಲಿ ಒಂದೂ ಒದಗಲಿಲ್ಲ.

"ನೆಲಮನ್ಯಾಗ ಅದಾರ್ರೀ," ಎಂದೆ.

"ಕೀಲಿ ತಗೋ. ಮುಂದ ನೀ ನಡಿ," ಎಂದಳು ಅವಳು.